ಜಮಖಂಡಿಯ ರಾನಡೆ: ಗ್ರೀಕರಿಂದ ಶರಣರವರೆಗೆ

(ರಬಕವಿಯಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಹಾಗೂ ನೇಕಾರ ಬಂಧುಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಗ್ಗದ ಮುಂದೆ ಕುಳಿತವರಿಗೆ ಹಾಸು ಬೇರೆ, ಹೊಕ್ಕು ಬೇರೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಸಿನ ಎಳೆ ಮೊದಲೇ ಬಿಗಿದು ನಿಂತಿರುತ್ತದೆ. ಲಾಳಿ ಅಡ್ಡಲಾಗಿ ಓಡಿದ ಮೇಲೆಯೇ ಅದು ಬಟ್ಟೆಯಾಗುತ್ತದೆ. ಎರಡೂ ಎಳೆಗಳು ತಮ್ಮ ತಮ್ಮ ದಿಕ್ಕನ್ನು ಬಿಡುವುದಿಲ್ಲ, ಆದರೂ ಒಂದಾಗುತ್ತವೆ. ಭಿನ್ನ ಚಿಂತನ ಪರಂಪರೆಗಳನ್ನು ಹೀಗೆಯೇ ಹೆಣೆಯಲು ಹೊರಟ ಒಬ್ಬ ಪ್ರಾಧ್ಯಾಪಕರು ಇದೇ ಸೀಮೆಯಲ್ಲಿ ಹುಟ್ಟಿದ್ದರು. ಅವರೇ ರಾಮಚಂದ್ರ ದತ್ತಾತ್ರೇಯ ರಾನಡೆ. ಭಕ್ತರ ಪಾಲಿಗೆ ಅವರು ಗುರುದೇವ ರಾನಡೆ. ವಿಶ್ವವಿದ್ಯಾಲಯಗಳ ತತ್ತ್ವಶಾಸ್ತ್ರ ವಿಭಾಗಗಳಿಗೆ ಪ್ರೊ. ಆರ್.ಡಿ. ರಾನಡೆ.

ಈ ಎರಡು ಹೆಸರುಗಳ ನಡುವೆಯೇ ಅವರ ಬದುಕಿನ ಸಮಸ್ಯೆ ಅಡಗಿದೆ. ನಾಮಸ್ಮರಣೆ ಮಾಡುವವನಿಗೆ ತರ್ಕ ಏಕೆ ಬೇಕು? ತರ್ಕ ಕಲಿಸುವವನಿಗೆ ನಾಮಸ್ಮರಣೆ ಹೇಗೆ ಒಗ್ಗುತ್ತದೆ? ಒಂದನ್ನು ಮನೆಯಲ್ಲಿಟ್ಟು ಇನ್ನೊಂದನ್ನು ಕಾಲೇಜಿಗೆ ಒಯ್ಯುವ ಸುಲಭದ ದಾರಿ ಅವರಿಗೂ ಇತ್ತು. ಅವರು ಅದನ್ನು ಹಿಡಿಯಲಿಲ್ಲ. ಹಿಡಿಯದೆ ಏನು ಪಡೆದರು, ಆ ದಾರಿಯಲ್ಲಿ ಏನು ಉಳಿದುಹೋಯಿತು ಎಂಬುದನ್ನು ನೋಡುವುದೇ ಈ ಉಪನ್ಯಾಸದ ಉದ್ದೇಶ.

ಸಂಸ್ಥಾನದ ಊರಿನ ಹುಡುಗ

ರಾನಡೆಯವರು ಜಮಖಂಡಿಯಲ್ಲಿ 1886ರ ಜುಲೈ 3ರಂದು ಜನಿಸಿದರು. ಆಗ ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. ಅರಮನೆ ಮತ್ತು ಕಚೇರಿಯ ಭಾಷೆ ಮರಾಠಿ, ಸಂತೆ ಮತ್ತು ಹೊಲದ ಭಾಷೆ ಕನ್ನಡ. ಮನೆಮಾತು ಮರಾಠಿಯಾಗಿದ್ದ ಹುಡುಗನ ಕಿವಿಗೆ ಕನ್ನಡದ ಪದಗಳು ಎಳವೆಯಿಂದಲೇ ಬೀಳುತ್ತಿದ್ದವು. ಎರಡು ಭಾಷೆಗಳ ನಡುವೆ ಬೆಳೆದವರಿಗೆ ಒಂದೇ ಮಾತನ್ನು ಎರಡು ಬಗೆಯಲ್ಲಿ ಹೇಳಬಹುದೆಂಬ ತಿಳಿವಳಿಕೆ ಶಾಲೆಗೆ ಹೋಗುವ ಮೊದಲೇ ಬಂದಿರುತ್ತದೆ. ಮುಂದೆ ಅವರು ಮಾಡಿದ ಕೆಲಸಕ್ಕೆ ಈ ಊರೇ ಮೊದಲ ಪಾಠಶಾಲೆಯಾಯಿತೆಂದರೆ ತಪ್ಪಾಗದು.

1901ರಲ್ಲಿ, ಇನ್ನೂ ಶಾಲೆಯಲ್ಲಿ ಓದುತ್ತಿದ್ದಾಗಲೇ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ಅವರಿಗೆ ನಾಮದೀಕ್ಷೆಯಾಯಿತು. 1902ರಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿ ಪುಣೆಯ ಡೆಕ್ಕನ್ ಕಾಲೇಜು ಸೇರಿದರು. 1909ರ ಸುಮಾರಿಗೆ ಕಾಯಿಲೆ ಅವರನ್ನು ಹಾಸಿಗೆ ಹಿಡಿಸಿತು. ದೇಹ ಮೊದಲಿನ ಶಕ್ತಿಯನ್ನು ಮತ್ತೆ ಪಡೆಯಲೇ ಇಲ್ಲ. ದೀಕ್ಷೆಯ ಆರಂಭದ ಉತ್ಸಾಹ ಇಳಿದುಹೋಗಬಹುದಾಗಿದ್ದ ಕಾಲದಲ್ಲಿ ಈ ಕಾಯಿಲೆಯೇ ಅವರನ್ನು ಸಾಧನೆಗೆ ಮತ್ತಷ್ಟು ಬಿಗಿಯಾಗಿ ಕಟ್ಟಿಹಾಕಿತು. 1914ರಲ್ಲಿ ತತ್ತ್ವಶಾಸ್ತ್ರದಲ್ಲಿ ಎಂ.ಎ. ಪದವಿ ಪಡೆದರು. ಅದೇ ವರ್ಷ ಗುರುಗಳು ತೀರಿಕೊಂಡರು.

ಒಂದು ಗುರುಮನೆ, ಎರಡು ಕವಲು

ರಾನಡೆಯವರನ್ನು ತಿಳಿಯಬೇಕಾದರೆ ಅವರು ಸೇರಿದ ಇಂಚಗೇರಿ ಸಂಪ್ರದಾಯವನ್ನು ತಿಳಿಯಬೇಕು. ಇದರ ಮೂಲಪುರುಷರು ನಿಂಬರಗಿ ಮಹಾರಾಜರು. ಇಂದಿನ ವಿಜಯಪುರ ಜಿಲ್ಲೆಯ ನಿಂಬರಗಿಯ ಅವರು ಲಿಂಗಾಯತ ಕುಲದವರು. ಅವರ ಉಪದೇಶಗಳು ಕನ್ನಡದಲ್ಲಿವೆ. ಅವರ ಶಿಷ್ಯರಾದ ಭಾವೂಸಾಹೇಬರು ಬ್ರಾಹ್ಮಣರು, ಉಮದಿಯ ದೇಶಪಾಂಡೆ ಮನೆತನದವರು. ಲಿಂಗಾಯತ ಗುರುವಿನ ಪಾದದಲ್ಲಿ ಬ್ರಾಹ್ಮಣ ಶಿಷ್ಯ ಕುಳಿತದ್ದು 19ನೆಯ ಶತಮಾನದಲ್ಲಿ ಎಂಬುದನ್ನು ಮರೆಯಬಾರದು. ಅದನ್ನು ಅವರು ಕ್ರಾಂತಿಯೆಂದು ಸಾರಲಿಲ್ಲ, ಸುಮ್ಮನೆ ಮಾಡಿದರು.

ಭಾವೂಸಾಹೇಬರ ಕಾಲದಲ್ಲಿ ಈ ಸಂಪ್ರದಾಯಕ್ಕೆ ಒಂದು ದಿನಚರಿ ಬಂತು. ದಿನಕ್ಕೆ ಮೂರು ಹೊತ್ತು ಭಜನೆ, ಸಮರ್ಥ ರಾಮದಾಸರ ದಾಸಬೋಧದ ಪಾರಾಯಣ, ನಾಮಧ್ಯಾನ. ಭಜನೆಯಲ್ಲಿ ಮರಾಠಿ ಅಭಂಗದ ಬೆನ್ನಿಗೆ ಕನ್ನಡದ ಪದ ಬರುತ್ತದೆ. ಹಾಡುವವರು ಎರಡರ ನಡುವೆ ಗಡಿಕಲ್ಲು ನೆಡುವುದಿಲ್ಲ. ಇಂದು ಉಮದಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ, ಭಾವೂಸಾಹೇಬರ ಸಮಾಧಿಯಿರುವ ಇಂಚಗೇರಿ ಕರ್ನಾಟಕದ ವಿಜಯಪುರ ಜಿಲ್ಲೆಯಲ್ಲಿದೆ. ರಾಜ್ಯಗಳ ಗಡಿ ನಡುವೆ ಬಂತು, ಭಜನೆ ನಿಲ್ಲಲಿಲ್ಲ.

ಈ ಗುರುಮನೆಯಿಂದ ಎರಡು ಕವಲುಗಳು ಹೊರಟದ್ದು ಕುತೂಹಲದ ಸಂಗತಿ. ಭಾವೂಸಾಹೇಬರ ಇನ್ನೊಬ್ಬ ಶಿಷ್ಯ ಸಿದ್ಧರಾಮೇಶ್ವರ ಮಹಾರಾಜರು. ಅವರ ಶಿಷ್ಯ ಮುಂಬಯಿಯಲ್ಲಿ ಬೀಡಿ ಅಂಗಡಿ ಇಟ್ಟುಕೊಂಡಿದ್ದ ನಿಸರ್ಗದತ್ತ ಮಹಾರಾಜರು. ಅವರ ಸಂಭಾಷಣೆಗಳು 1973ರಲ್ಲಿ 'ಐ ಆ್ಯಮ್ ದಟ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದು ಯುರೋಪ್, ಅಮೆರಿಕಗಳ ಓದುಗರನ್ನು ತಲುಪಿದವು. ಒಂದು ಕವಲು ಬೀಡಿ ಅಂಗಡಿಯಿಂದ ಜಗತ್ತಿಗೆ ಹೋಯಿತು. ಇನ್ನೊಂದು ರಾನಡೆಯವರ ಮೂಲಕ ತರಗತಿಯ ಕೋಣೆಯಿಂದ ಹೋಯಿತು.

ಗ್ರೀಕರ ಅಂಗಳದಲ್ಲಿ

ತರಗತಿಯ ಕೋಣೆಯಲ್ಲಿ ರಾನಡೆಯವರು ಮೊದಲು ಹಿಡಿದದ್ದು ಗ್ರೀಕ್ ತತ್ತ್ವಜ್ಞಾನ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿಯೂ ಅನಂತರ ಸಾಂಗ್ಲಿಯ ವಿಲ್ಲಿಂಗ್ಡನ್ ಕಾಲೇಜಿನಲ್ಲಿಯೂ ಅವರು ಅಧ್ಯಾಪಕರಾಗಿದ್ದರು. ಗ್ರೀಕ್ ಭಾಷೆಯನ್ನು ಕಲಿತು, ಹೆರಾಕ್ಲಿಟಸ್‌ನ ಕುರಿತು, ಪಾರ್ಮೆನಿಡೀಸ್‌ನ ಪಂಥವನ್ನು ಅರಿಸ್ಟಾಟಲ್ ವಿಮರ್ಶಿಸಿದ ಬಗೆಯ ಕುರಿತು ಲೇಖನಗಳನ್ನು ಬರೆದರು. ಸಂಸ್ಕೃತ ಬಲ್ಲ ಭಾರತೀಯ ವಿದ್ವಾಂಸರು ಪಾಶ್ಚಾತ್ಯ ಚಿಂತನೆಯನ್ನು ಇಂಗ್ಲಿಷ್ ಅನುವಾದಗಳಿಂದ ತಿಳಿಯುವುದೇ ವಾಡಿಕೆಯಾಗಿದ್ದ ದಿನಗಳವು. ಆ ಕಡೆಯ ದಡವನ್ನೂ ಮೂಲದಲ್ಲಿಯೇ ಮುಟ್ಟಿ ನೋಡಬೇಕೆಂಬ ಹಟ ಅವರದು. ಸೇತುವೆ ಕಟ್ಟುವವನಿಗೆ ಎರಡೂ ದಡದ ನೆಲ ಗೊತ್ತಿರಬೇಕಷ್ಟೆ.

ಈ ಓದಿನ ಫಲ 1926ರಲ್ಲಿ ಹೊರಬಂದ 'ಎ ಕನ್‌ಸ್ಟ್ರಕ್ಟಿವ್ ಸರ್ವೇ ಆಫ್ ಉಪನಿಷದಿಕ್ ಫಿಲಾಸಫಿ'. ಅಂದರೆ ಉಪನಿಷತ್ತುಗಳ ತತ್ತ್ವಜ್ಞಾನದ ರಚನಾತ್ಮಕ ಸಮೀಕ್ಷೆ. ಆವರೆಗೆ ಉಪನಿಷತ್ತನ್ನು ಓದುವವರಲ್ಲಿ ಎರಡು ಗುಂಪುಗಳಿದ್ದವು. ಒಂದು ಗುಂಪು ಯಾವುದಾದರೊಂದು ಭಾಷ್ಯದ ಬೆಳಕಿನಲ್ಲಿ ಮಾತ್ರ ಓದುತ್ತಿತ್ತು. ಇನ್ನೊಂದು ಗುಂಪು ಹಳೆಯ ಭಾಷೆಯ ಮಾದರಿಯೆಂದು ಓದುತ್ತಿತ್ತು. ರಾನಡೆಯವರು ಇವೆರಡನ್ನೂ ಬದಿಗಿಟ್ಟು ಪ್ರಶ್ನೆಗಳ ಪ್ರಕಾರ ಉಪನಿಷತ್ತನ್ನು ಜೋಡಿಸಿದರು. ಜಗತ್ತು ಹೇಗೆ ಹುಟ್ಟಿತು, ಮನಸ್ಸು ಎಂದರೇನು, ಪರಮಸತ್ಯ ಯಾವುದು, ಹೇಗೆ ಬದುಕಬೇಕು, ಸಾಕ್ಷಾತ್ಕಾರ ಎಂದರೇನು ಎಂಬ ಕ್ರಮದಲ್ಲಿ ಗ್ರಂಥ ನಡೆಯುತ್ತದೆ. ಅದ್ವೈತ, ವಿಶಿಷ್ಟಾದ್ವೈತ, ದ್ವೈತ ಮೂರಕ್ಕೂ ಬೇರುಗಳು ಉಪನಿಷತ್ತಿನಲ್ಲಿವೆ ಎಂಬುದು ಅವರ ನಿಲುವು. ಹೀಗೆ ಹೇಳಿದ್ದರಿಂದ ಅದುವರೆಗೆ ಪರಸ್ಪರ ವಾದ ಹೂಡುತ್ತಿದ್ದ ಮೂವರು ಆಚಾರ್ಯರಿಗೂ ಒಂದೇ ಮನೆಯ ಹಕ್ಕು ಸಿಕ್ಕಂತಾಯಿತು.

ಒಂದು ಉದಾಹರಣೆ ನೋಡಬಹುದು. ಛಾಂದೋಗ್ಯ ಉಪನಿಷತ್ತಿನಲ್ಲಿ ರೈಕ್ವನೆಂಬ ಗಾಡಿಯವನಿದ್ದಾನೆ. ಎಲ್ಲವೂ ಕೊನೆಗೆ ಗಾಳಿಯಲ್ಲಿ ಅಡಗುತ್ತದೆ ಎಂಬುದು ಅವನ ಉತ್ತರ. ಗ್ರೀಸಿನ ಅನಾಕ್ಸಿಮೆನೀಸ್ ಕೂಡ ಜಗತ್ತಿನ ಮೂಲದ್ರವ್ಯ ಗಾಳಿ ಎಂದ. ಬೃಹದಾರಣ್ಯಕದಲ್ಲಿ ನೀರೇ ಮೊದಲು ಇತ್ತೆಂಬ ಮಾತಿದೆ. ಥೇಲ್ಸ್ ಅದನ್ನೇ ಹೇಳಿದ. ಕಠೋಪನಿಷತ್ತು ದೇಹವನ್ನು ರಥಕ್ಕೆ, ಇಂದ್ರಿಯಗಳನ್ನು ಕುದುರೆಗಳಿಗೆ ಹೋಲಿಸಿದರೆ ಪ್ಲೇಟೋ ಕೂಡ ಆತ್ಮವನ್ನು ರಥದ ಚಿತ್ರದಿಂದಲೇ ವಿವರಿಸಿದ.

ಇಂಥ ಹೋಲಿಕೆ ಸಿಕ್ಕಿದ ಕೂಡಲೇ 'ಎಲ್ಲವೂ ಇಲ್ಲಿಂದಲೇ ಹೋಯಿತು' ಎಂದು ಬೀಗುವವರು ಅಂದೂ ಇದ್ದರು, ಇಂದೂ ಇದ್ದಾರೆ. ರಾನಡೆಯವರು ಅಲ್ಲಿ ಅವಸರ ಮಾಡಲಿಲ್ಲ. ಹೋಲಿಕೆಗೆ ಮೂರು ಕಾರಣಗಳಿರಬಹುದು. ಒಬ್ಬರಿಂದ ಇನ್ನೊಬ್ಬರು ಪಡೆದಿರಬಹುದು. ಇಬ್ಬರಿಗೂ ಸಮಾನವಾದ ಹಳೆಯ ಮೂಲವಿರಬಹುದು. ಇಲ್ಲವೆ, ಒಂದೇ ಬಗೆಯ ಪ್ರಶ್ನೆ ಎದುರಾದಾಗ ಮನುಷ್ಯನ ಬುದ್ಧಿ ಎರಡು ಕಡೆ ಸ್ವತಂತ್ರವಾಗಿ ಒಂದೇ ಬಗೆಯ ಉತ್ತರಕ್ಕೆ ಬಂದಿರಬಹುದು. ಸಾಗಿಸಿದ್ದಕ್ಕೆ ಸಾಕ್ಷ್ಯವಿಲ್ಲದ ಕಡೆ ಮೂರನೆಯದನ್ನು ಒಪ್ಪುವುದೇ ಪ್ರಾಮಾಣಿಕತೆ. ಯಾರು ಯಾರಿಗೆ ಸಾಲಗಾರರು ಎಂಬ ಲೆಕ್ಕಕ್ಕಿಂತ ಇಬ್ಬರೂ ಒಂದೇ ಬಾಗಿಲನ್ನು ತಟ್ಟಿದರು ಎಂಬ ಸಂಗತಿ ದೊಡ್ಡದು.

ಅಶ್ವಪತಿಯ ಕಥೆ

ಉಪನಿಷತ್ತಿನ ಋಷಿಗಳು ಬಳಸಿದ ಬೋಧನಾ ವಿಧಾನಗಳನ್ನೂ ರಾನಡೆಯವರು ವಿಂಗಡಿಸಿದರು. ಒಗಟಿನ ವಿಧಾನ, ಸೂತ್ರದ ವಿಧಾನ, ಉಪಮೆಯ ವಿಧಾನ, ಸಂವಾದದ ವಿಧಾನ, ಸಮನ್ವಯದ ವಿಧಾನ ಹೀಗೆ. ಸಮನ್ವಯಕ್ಕೆ ಉದಾಹರಣೆ ಛಾಂದೋಗ್ಯದ ಅಶ್ವಪತಿ ರಾಜನ ಕಥೆ. ಆರು ಮಂದಿ ಪಂಡಿತರು ಅವನ ಬಳಿ ಬರುತ್ತಾರೆ. ವಿಶ್ವಾತ್ಮ ಯಾವುದೆಂದು ಕೇಳಿದರೆ ಒಬ್ಬ ದ್ಯುಲೋಕ ಎನ್ನುತ್ತಾನೆ, ಇನ್ನೊಬ್ಬ ಸೂರ್ಯ, ಮತ್ತೊಬ್ಬ ಗಾಳಿ, ಮುಂದಿನವರು ಆಕಾಶ, ನೀರು, ಭೂಮಿ ಎನ್ನುತ್ತಾರೆ. ರಾಜ ಯಾರನ್ನೂ ಗದರಿಸಿ ಕಳಿಸುವುದಿಲ್ಲ. ಪ್ರತಿಯೊಬ್ಬನೂ ಹೇಳಿದ್ದು ವಿಶ್ವಾತ್ಮನ ಒಂದು ಅಂಗ, ಅದನ್ನೇ ಇಡೀ ದೇಹವೆಂದು ತಿಳಿದದ್ದು ಮಾತ್ರ ತಪ್ಪು ಎಂದು ತೋರಿಸಿಕೊಡುತ್ತಾನೆ.

ಇದು ರಾನಡೆಯವರ ಇಡೀ ಕೆಲಸದ ರೀತಿಯೂ ಹೌದು. ಇಲ್ಲಿ ಒಂದು ಸೂಕ್ಷ್ಮವಿದೆ. ಎಲ್ಲರೂ ಸರಿ ಎಂದು ಅಶ್ವಪತಿ ಹೇಳಲಿಲ್ಲ. ಎಲ್ಲರೂ ಅಪೂರ್ಣರು ಎಂದು ಹೇಳಿದ. ಸರ್ವಧರ್ಮ ಸಮನ್ವಯದ ಭಾಷಣಗಳಲ್ಲಿ ಮೊದಲನೆಯ ಮಾತು ಬಹಳ ಕೇಳಿಸುತ್ತದೆ, ಎರಡನೆಯದು ಅಪರೂಪ.

ಅಲಹಾಬಾದಿನ ದಿನಗಳು

ಉಪನಿಷತ್ತಿನ ಗ್ರಂಥ ಹೊರಬಂದ ಬಳಿಕ ರಾನಡೆಯವರು ಅಲಹಾಬಾದ್ ವಿಶ್ವವಿದ್ಯಾಲಯಕ್ಕೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದರು. 1946ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿದ್ದು ವಿಭಾಗದ ಮುಖ್ಯಸ್ಥರಾಗಿ, ಕೆಲಕಾಲ ಉಪಕುಲಪತಿಯಾಗಿಯೂ ಕೆಲಸ ಮಾಡಿದರು. ಎಸ್.ಕೆ. ಬೇಲ್ವಲ್ಕರ್ ಅವರೊಡನೆ ಭಾರತೀಯ ತತ್ತ್ವಶಾಸ್ತ್ರದ ಇತಿಹಾಸದ ಸಂಪುಟವೊಂದನ್ನು 1927ರಲ್ಲಿ ಪ್ರಕಟಿಸಿದ್ದರು. ಅದೇ ಮಾಲೆಯಲ್ಲಿ 1933ರಲ್ಲಿ 'ಮಿಸ್ಟಿಸಿಸಂ ಇನ್ ಮಹಾರಾಷ್ಟ್ರ' ಬಂತು.

1936ರಲ್ಲಿ ರಾಧಾಕೃಷ್ಣನ್ ಮತ್ತು ಮ್ಯೂರ್‌ಹೆಡ್ ಸಂಪಾದಿಸಿದ ಸಮಕಾಲೀನ ಭಾರತೀಯ ತತ್ತ್ವಜ್ಞಾನದ ಸಂಪುಟದಲ್ಲಿ ಗಾಂಧೀಜಿ, ರವೀಂದ್ರನಾಥ ಠಾಕೂರರ ಜೊತೆಗೆ ರಾನಡೆಯವರ ಲೇಖನವೂ ಇದೆ. ತಮ್ಮ ಚಿಂತನೆ ಬೆಳೆದು ಬಂದ ಬಗೆಯನ್ನು ಅವರು ಅಲ್ಲಿ ಹೇಳಿಕೊಂಡಿದ್ದಾರೆ. ಮೈಸೂರಿನ ಎಂ. ಹಿರಿಯಣ್ಣ ಮತ್ತು ಎ.ಆರ್. ವಾಡಿಯಾ ಕೂಡ ಅದೇ ಸಂಪುಟದಲ್ಲಿದ್ದಾರೆ. ಕನ್ನಡ ನೆಲದ ದಕ್ಷಿಣ ತುದಿಯ ವಿದ್ವಾಂಸರೂ ಉತ್ತರ ತುದಿಯ ಈ ವಿದ್ವಾಂಸರೂ ದೂರದ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿ ಹೀಗೆ ಒಟ್ಟಿಗೆ ಸಿಗುತ್ತಾರೆ.

ಮಹಾರಾಷ್ಟ್ರದ ಸಂತರ ಗ್ರಂಥದಲ್ಲಿ ಅವರು ಸಂತರನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲಿಲ್ಲ. ಜ್ಞಾನೇಶ್ವರರ ಅನುಭಾವ ಬೌದ್ಧಿಕ, ನಾಮದೇವರದು ಜನತಾಂತ್ರಿಕ, ಏಕನಾಥರದು ಸಮನ್ವಯದ್ದು, ತುಕಾರಾಮರದು ವೈಯಕ್ತಿಕ, ರಾಮದಾಸರದು ಕ್ರಿಯಾಶೀಲ ಎಂದು ಬೇರ್ಪಡಿಸಿದರು. ದೇವರ ಅನುಭವ ಒಂದೇ ಇರಬಹುದು, ಅದನ್ನು ಪಡೆದ ಮನುಷ್ಯರ ಸ್ವಭಾವ ಒಂದೇ ಅಲ್ಲ.

ಅನುಭಾವಕ್ಕೆ ಪುರಾವೆ ಏನು?

ಈಗ ಕಠಿಣವಾದ ಪ್ರಶ್ನೆ. 'ದೇವರನ್ನು ಕಂಡೆ' ಎಂದು ಒಬ್ಬ ಹೇಳಿದರೆ ಅದು ನಿಜವೋ ಭ್ರಮೆಯೋ ತಿಳಿಯುವುದು ಹೇಗೆ? ಭಕ್ತರಿಗೆ ಈ ಪ್ರಶ್ನೆ ಬೇಡ. ಪ್ರಾಧ್ಯಾಪಕರಿಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ರಾನಡೆಯವರ ಉತ್ತರವನ್ನು ಹೀಗೆ ಸಂಗ್ರಹಿಸಬಹುದು. ಮೊದಲನೆಯದು, ಸಾರ್ವತ್ರಿಕತೆ. ಬೇರೆ ಬೇರೆ ದೇಶ, ಕಾಲ, ಭಾಷೆಗಳ ಅನುಭಾವಿಗಳು ಒಂದೇ ಬಗೆಯ ಅನುಭವವನ್ನು ಹೇಳುತ್ತಾರೆಯೇ? ಎರಡನೆಯದು, ಬುದ್ಧಿ. ನಿಜವಾದ ಅನುಭಾವ ಬುದ್ಧಿಯನ್ನು ಕೊಲ್ಲುವುದಿಲ್ಲ, ಅದನ್ನು ಒಳಗೊಂಡು ಮುಂದೆ ಹೋಗುತ್ತದೆ. ಮೂರನೆಯದು, ನೀತಿ. ಅನುಭವ ಪಡೆದವನ ನಡತೆ ಹಸನಾಗದಿದ್ದರೆ ಆ ಅನುಭವವನ್ನೇ ಸಂಶಯಿಸಬೇಕು.

ಮೊದಲನೆಯ ಪರೀಕ್ಷೆಗಾಗಿಯೇ ಅವರು ಬಾಳಿನುದ್ದಕ್ಕೂ ಸಾಕ್ಷಿಗಳನ್ನು ಕಲೆಹಾಕಿದರು. ಬಣ್ಣ, ಬೆಳಕು, ರೂಪ, ನಾದ ಎಂದು ಸಂತರು ಹೇಳಿದ ಅನುಭವಗಳನ್ನು ಒಂದೊಂದಾಗಿ ಗುರುತಿಸಿ ಹೋಲಿಸಿದರು. ತತ್ತ್ವಪದಗಳನ್ನು ಕೇಳಿ ಬೆಳೆದ ಈ ಭಾಗದವರಿಗೆ ನಾದ, ಬಿಂದು, ಕಳೆ ಎಂಬ ಮಾತುಗಳು ಹೊಸವಲ್ಲ. ಊರಿನ ಭಜನಾ ಮೇಳದವನು ಏಕತಾರಿ ಹಿಡಿದು ಹಾಡುವ ಸಂಗತಿಯನ್ನೇ ರಾನಡೆಯವರು ಯುರೋಪಿನ ಕ್ರೈಸ್ತ ಅನುಭಾವಿಗಳ ಮಾತಿನ ಪಕ್ಕದಲ್ಲಿಟ್ಟು ತೂಗಿದರು.

ಈ ವಾದಕ್ಕೂ ಒಂದು ತೊಡಕಿದೆ. ಕೋರ್ಟಿನಲ್ಲಿ ಹತ್ತು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಬಲ ಬರುತ್ತದೆ. ಆದರೆ ಹತ್ತೂ ಜನ ಒಬ್ಬರೇ ವಕೀಲರ ಬಳಿ ಪಾಠ ಹೇಳಿಸಿಕೊಂಡಿದ್ದರೆ ಬಲವಿಲ್ಲ. ಏಕನಾಥರು ಜ್ಞಾನೇಶ್ವರರನ್ನು ಓದಿದ್ದರು, ತುಕಾರಾಮರು ಇಬ್ಬರನ್ನೂ ಬಲ್ಲವರು. ಅವರ ಸಾಕ್ಷ್ಯ ಪೂರ್ತಿ ಸ್ವತಂತ್ರವೆನ್ನಲಾಗದು. ಹೆಚ್ಚು ತೂಕ ಬರುವುದು ಪರಸ್ಪರ ಕಂಡು ಕೇಳರಿಯದವರ ಮಾತು ಕೂಡಿದಾಗ. ಹನ್ನೆರಡನೆಯ ಶತಮಾನದ ಕನ್ನಡ ಶರಣರೂ ದೂರದ ಯುರೋಪಿನ ಮಠವಾಸಿಗಳೂ ಒಂದೇ ಬಗೆಯಾಗಿ ಮಾತನಾಡಿದರೆ ಅದು ಯೋಚಿಸಬೇಕಾದ ಸಂಗತಿ. ಉಪನಿಷತ್ತು ಮತ್ತು ಗ್ರೀಕರ ವಿಷಯದಲ್ಲಿ ರಾನಡೆಯವರು ಸ್ವತಂತ್ರ ಸಾಮ್ಯಕ್ಕೆ ಅಷ್ಟು ಮಹತ್ವ ಕೊಟ್ಟದ್ದರ ಬೆಲೆ ಇಲ್ಲಿ ತಿಳಿಯುತ್ತದೆ.

ಕನ್ನಡದ ಕಡೆಗೆ

ನಿವೃತ್ತಿಯ ನಂತರ ರಾನಡೆಯವರು ಇಂಡಿ ತಾಲ್ಲೂಕಿನ ನಿಂಬಾಳದಲ್ಲಿ ನೆಲೆಸಿದರು. ರೈಲು ನಿಲ್ದಾಣದ ಹತ್ತಿರದ ಆ ಆಶ್ರಮಕ್ಕೆ ರೈತರೂ ಬರುತ್ತಿದ್ದರು, ಪ್ರಾಧ್ಯಾಪಕರೂ ಬರುತ್ತಿದ್ದರು. 1954ರಲ್ಲಿ ಹಿಂದೀ ಸಂತರ ಕುರಿತ 'ಪಾಥ್‌ವೇ ಟು ಗಾಡ್ ಇನ್ ಹಿಂದಿ ಲಿಟರೇಚರ್' ಪ್ರಕಟವಾಯಿತು. ಪರಮಾರ್ಥಕ್ಕೆ ಪ್ರೇರಣೆ, ನೈತಿಕ ಸಿದ್ಧತೆ, ದೇವರಿಗೂ ಸಂತರಿಗೂ ಇರುವ ಸಂಬಂಧ, ಯಾತ್ರೆಯ ಆರಂಭ, ಶಿಖರಾರೋಹಣ ಎಂಬ ಮೆಟ್ಟಿಲುಗಳಲ್ಲಿ ಅಲ್ಲಿನ ಪದಗಳನ್ನು ಜೋಡಿಸಿದ್ದಾರೆ. 1957ರ ಜೂನ್ 6ರಂದು ನಿಂಬಾಳದಲ್ಲಿಯೇ ಅವರು ದೇಹವಿಟ್ಟರು. ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ ನೀಡಿದ ಉಪನ್ಯಾಸಗಳಿಂದ ಬೆಳೆದ ಕನ್ನಡ ಸಂತರ ಗ್ರಂಥ 'ಪಾಥ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್' 1960ರಲ್ಲಿ, ಅವರ ನಿಧನಾನಂತರ ಹೊರಬಂತು.

ಆ ಗ್ರಂಥದಲ್ಲಿ ಶರಣರು, ದಾಸರು, ನಿಜಗುಣ ಶಿವಯೋಗಿಗಳಂಥ ತತ್ತ್ವಪದಕಾರರು ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ಶೈವ, ವೈಷ್ಣವ ಎಂಬ ಹೆಸರಿನಲ್ಲಿ ಬೇರೆ ಬೇರೆ ಎಲೆ ಹಾಕುವ ಪದ್ಧತಿ ಅಲ್ಲಿಲ್ಲ. ಮರಾಠಿ ಮನೆಮಾತಿನವರೊಬ್ಬರು ಕನ್ನಡದ ಅನುಭಾವವನ್ನು ಜ್ಞಾನೇಶ್ವರ, ಕಬೀರರ ಸಾಲಿಗೆ ಸಮನಾಗಿ ನಿಲ್ಲಿಸಿದ್ದು ಗಡಿಯ ಜಗಳ ಬಿಸಿಯಾಗಿದ್ದ ದಶಕದಲ್ಲಿ ಎಂಬುದನ್ನು ನೆನೆದರೆ ಈ ಕೆಲಸದ ತೂಕ ಇನ್ನಷ್ಟು ತಿಳಿದೀತು.

ಸೇತುವೆಯ ಕೆಳಗೆ ಉಳಿದದ್ದು

ಹೊಗಳಿಕೆಯಷ್ಟನ್ನೇ ಹೇಳಿ ಮುಗಿಸಿದರೆ ರಾನಡೆಯವರ ತರ್ಕನಿಷ್ಠೆಗೆ ಅಪಚಾರವಾಗುತ್ತದೆ. ವಚನಗಳನ್ನು ಪರಮಾರ್ಥದ ಮೆಟ್ಟಿಲುಗಳಾಗಿ ಜೋಡಿಸಿದಾಗ ಒಂದು ಸಂಗತಿ ಕೆಳಗೆ ಉಳಿಯುತ್ತದೆ. ಶರಣರು ಒಳಗಿನ ಬೆಳಕನ್ನು ಮಾತ್ರ ಹುಡುಕಿದವರಲ್ಲ. ಕಾಯಕ, ಜಾತಿ, ದೇವಾಲಯ, ಹೆಣ್ಣಿನ ಸ್ಥಾನ ಇವುಗಳ ಬಗ್ಗೆ ಆ ಕಾಲದ ಸಮಾಜವನ್ನು ಎದುರು ಹಾಕಿಕೊಂಡವರು. ನೇಕಾರನಾಗಿದ್ದ ಜೇಡರ ದಾಸಿಮಯ್ಯನಿಗೆ ಮಗ್ಗವೂ ಪೂಜೆಯೂ ಬೇರೆಯಾಗಿರಲಿಲ್ಲ. ಆ ಮಾತು ಬೇರೆ ಯಾವ ಊರಿಗಿಂತ ಈ ಊರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅನುಭಾವವನ್ನು ಎಲ್ಲ ಭಾಷೆಗಳಿಗೂ ಸಮಾನವಾಗಿಸುವ ಅಳತೆಗೋಲಿಗೆ ಬೆವರು ಮತ್ತು ಬಂಡಾಯ ಸುಲಭವಾಗಿ ಸಿಗುವುದಿಲ್ಲ. ಹೋಲಿಕೆಯನ್ನು ಹುಡುಕುವ ಕಣ್ಣಿಗೆ ವ್ಯತ್ಯಾಸ ಮಸುಕಾಗುವ ಅಪಾಯ ಯಾವಾಗಲೂ ಇದೆ. ಆದರೂ ಲಿಂಗಾಯತ ಗುರು, ಬ್ರಾಹ್ಮಣ ಶಿಷ್ಯ ಎಂಬ ತಮ್ಮ ಗುರುಮನೆಯ ಇತಿಹಾಸದಲ್ಲಿಯೇ ಆ ಬಂಡಾಯದ ಒಂದು ಎಳೆ ಹರಿದುಬಂದಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು.

ಎರಡನೆಯ ಸಂಗತಿ ಭಾಷೆಯದು. ರಾನಡೆಯವರ ಮುಖ್ಯ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿವೆ. ಕನ್ನಡ ಸಂತರನ್ನು ಜಗತ್ತಿಗೆ ತೋರಿಸಲು ಅದು ಬೇಕಿತ್ತು. ಆದರೆ ಯಾರ ಬಾಯಿಂದ ಆ ಪದಗಳು ಉಳಿದು ಬಂದವೋ ಆ ಹಾಡುಗಾರನ ಮಕ್ಕಳಿಗೆ ಅವುಗಳ ಮೇಲಿನ ವಿಚಾರ ದೂರವೇ ಉಳಿಯಿತು. ಗ್ರೀಕ್ ಮತ್ತು ಸಂಸ್ಕೃತದ ನಡುವೆ ಸೇತುವೆಯಾಯಿತು, ಮರಾಠಿ, ಹಿಂದಿ, ಕನ್ನಡಗಳ ನಡುವೆಯೂ ಆಯಿತು. ವಿದ್ವಾಂಸರ ಕೋಣೆಯಿಂದ ಭಜನೆಯ ಕಟ್ಟೆಯವರೆಗಿನ ಕೊನೆಯ ಕಮಾನು ಪೂರ್ತಿಯಾಗಬೇಕಾಗಿದೆ.

ಅದನ್ನು ಪೂರ್ತಿ ಮಾಡಲು ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ರಬಕವಿ, ಬನಹಟ್ಟಿ, ಜಮಖಂಡಿ, ಮುಧೋಳಗಳ ಶಾಲಾ-ಕಾಲೇಜುಗಳಲ್ಲಿ ಅಶ್ವಪತಿಯ ಕಥೆಯನ್ನೋ ರೈಕ್ವನ ಕಥೆಯನ್ನೋ ಹೇಳುವಾಗ ಅದನ್ನು ಗ್ರೀಕರ ಜೊತೆಗಿಟ್ಟು ನೋಡಿದವರು ಇಲ್ಲಿಂದ ಹತ್ತಿರದ ಊರಿನವರು ಎಂದು ಒಂದು ಮಾತು ಸೇರಿಸಿದರೂ ಸಾಕು. ಊರ ಭಜನಾ ಮೇಳದಲ್ಲಿ ಉಳಿದಿರುವ ಹಳೆಯ ಪದಗಳನ್ನು ಬರೆದಿಟ್ಟುಕೊಳ್ಳುವ ವಿದ್ಯಾರ್ಥಿ ರಾನಡೆಯವರ ಕೆಲಸವನ್ನೇ ಮುಂದುವರಿಸುತ್ತಾನೆ. ಪ್ರಶ್ನೆ ಕೇಳಿದರೆ ಭಕ್ತಿ ಕೆಡುತ್ತದೆ ಎಂಬ ಭಯವನ್ನು ಅವರು ಬಾಳಿ ತೋರಿಸಿ ಬಿಡಿಸಿದರು. ಭಕ್ತಿಯಿದ್ದರೆ ಬುದ್ಧಿ ಮಂಕಾಗುತ್ತದೆ ಎಂಬ ಸಂಶಯವನ್ನು ಬರೆದು ತೋರಿಸಿ ಬಿಡಿಸಿದರು. ಅವರು ಬಿಟ್ಟುಹೋದ ಪರೀಕ್ಷೆಗಳಲ್ಲಿ ಕೊನೆಯದು ನಡತೆಯದು, ಮತ್ತು ಅದನ್ನು ಎದುರಿಸಲು ಯಾವ ಪದವಿಯೂ ಬೇಕಾಗಿಲ್ಲ.